ಬೆಟ್ಟದಿಂದ ಇಳಿದ ಉಸಿರು

ಹೈದರಾಬಾದ್, ಶನಿವಾರ

ವೈನಿಯವರಿಗೆ,

ನಾನು ಕ್ಷೇಮ. ಬಲ ಹಿಮ್ಮಡಿ ಮಾತ್ರ ಸ್ವಲ್ಪ ಊದಿದೆ, ಐಸ್ ಇಟ್ಟುಕೊಂಡಿದ್ದೇನೆ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಎದೆಯ ಕಾಯಿಲೆಯವರು ಬೆಟ್ಟಕ್ಕೆ ಹೋಗುತ್ತಾರೆ. ನಾವು ಓಟಗಾರರು ಗಟ್ಟಿ ಇದ್ದವರೇ ತರಬೇತಿಗೆಂದು ಊಟಿಗೆ ಹೋಗಿ, ತೆಳು ಗಾಳಿಯಲ್ಲಿ ನಾಲ್ಕು ವಾರ ಏದುಸಿರು ಬಿಟ್ಟೆವು. ಇಲ್ಲಿಗೆ ಇಳಿದ ಮೇಲೆ ಉಸಿರು ಎಷ್ಟು ಸಲೀಸಾಗಿದೆಯೆಂದರೆ, ಇವತ್ತಿನ ಐದು ಸಾವಿರ ಮೀಟರ್ ಆಯ್ಕೆ ಓಟದಲ್ಲಿ ಮೊದಲ ಸುತ್ತನ್ನು ಎಪ್ಪತ್ತೆಂಟು ಸೆಕೆಂಡಿಗೇ ಮುಗಿಸಿಬಿಟ್ಟೆ. ಎಂಬತ್ತಾರು ಬೇಕಿತ್ತು.

ನಮ್ಮ ಕೋಚ್ ಗುರುಶಾಂತ ಸರ್ ಅಂಚಿನಿಂದ ಕೂಗಿದರು: “ಶಿವಗಂಗಾ! ಗಾಳಿ ಫುಕಟ್ ಐತಿ ಅಂತ ಎಲ್ಲಾ ಒಮ್ಮೆಲೇ ನುಂಗಬ್ಯಾಡವಾ, ಇನ್ನೂ ಹನ್ನೊಂದೂವರಿ ಸುತ್ತ ಐತಿ!”

ಪಕ್ಕದಲ್ಲಿ ಓಡುತ್ತಿದ್ದ ತೆಲುಗು ಹುಡುಗಿ ನಕ್ಕೇಬಿಟ್ಟಳು. ವೇಗ ತಗ್ಗಿಸಿದೆ. ಆದರೂ ಕೊನೆಗೆ ಕಾಲು ಕಲ್ಲಾದವು. ನಾಲ್ವರನ್ನು ಆರಿಸಿದರು, ನಾನು ನಾಲ್ಕನೆಯವಳು.

ಆ ನಾಲ್ಕು ವಾರ ಅತ್ತಿಗೆಯಾದ ನೀವು ನನ್ನ ಮಗ ಪವನನನ್ನು ನಿಮ್ಮ ಮಗ್ಗುಲಲ್ಲಿ ಮಲಗಿಸಿಕೊಳ್ಳದಿದ್ದರೆ ನಾನು ಬೆಟ್ಟ ಹತ್ತುತ್ತಲೇ ಇರಲಿಲ್ಲ. ಇದನ್ನು ಎದುರಿಗೆ ಹೇಳಲು ನನಗೆ ಬಾರದು, ಅದಕ್ಕೇ ಈ ಕಾರ್ಡು.

ಬೆಟ್ಟದ ಬಲ ರಕ್ತದಲ್ಲಿ ಕೆಲವೇ ವಾರ ನಿಲ್ಲುತ್ತದಂತೆ. ದೊಡ್ಡ ಸ್ಪರ್ಧೆಗೆ ಮೊದಲು ಮತ್ತೆ ಒಂದು ತಿಂಗಳು ಹೋಗಬೇಕು. “ಹ್ಞೂಂ ಅನ್ನು, ಹೆಸರು ಬರಿತೀನಿ,” ಅಂದರು ಸರ್.

“ನಮ್ಮ ವೈನಿಯವರನ್ನ ಕೇಳಿ ಹೇಳ್ತೀನ್ರಿ,” ಅಂದಿದ್ದೇನೆ.

ನಾವು ಇಳಿದುಕೊಂಡಿರುವ ಪಟಾನ್‌ಚೆರುವಿನ ಬಸ್ಸು ಬಂತು. ನೀವು ಬೇಡವೆಂದರೆ ಬೇಸರವಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ನಿಮ್ಮ ಮಾತೇ ಕೊನೆ.

ಶಿವಗಂಗಾ