ಮುಖ ನೋಡಿ ಟಿಕ್ ಹಾಕಿ

ಏಪ್ರಿಲ್ 6, ಭಾನುವಾರ

ಎರಡನೇ ಸಾಹಸ ಮುಗಿಯಿತು. ಗುಡ್ಡ. ಹತ್ತಲು ಒಂದೂವರೆ ಗಂಟೆ. ಅದರಲ್ಲಿ ಮುಕ್ಕಾಲು ಗಂಟೆ ಮಗ, ನಮ್ಮ ಹುಳ, ಕಲ್ಲು ಆರಿಸಿದ್ದಕ್ಕೇ ಹೋಯಿತು. ಐದು ವರ್ಷದವನ ಚಡ್ಡಿ ಜೇಬಿನಲ್ಲಿ ಹನ್ನೊಂದು ಕಲ್ಲು! ಚಡ್ಡಿ ಜಾರುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡೇ ಹತ್ತಿದ. ಬಸವನಹುಳ ಎಂದು ಹೆಸರಿಟ್ಟವಳು ಅವನ ಅಕ್ಕ. ಈಗ ಬರೀ ಹುಳ. ಅಕ್ಕನಿಗೆ ಎಂಟು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಹಾಗೇ ಮಾತಾಡಿ ತೋರಿಸುತ್ತಾಳೆ. ಅದಕ್ಕೇ ಗಿಣಿ.

ಫ್ರಿಜ್ ಮೇಲೆ ಪಟ್ಟಿ ಅಂಟಿಸಿದ್ದೇವೆ. ‘ರಜೆಯ ಸಾಹಸಗಳು’ — ಒಟ್ಟು ಹತ್ತು. ಕೊನೆಯದು ಹುಳ ಹೇಳಿ ಬರೆಸಿದ್ದು: ಕೈಯಲ್ಲಿ ಮೀನು ಹಿಡಿಯುವುದು. ಬಲೆ ತರೋಣ ಎಂದೆ. “ಬಲೇಲಿ ಹಿಡಿದ್ರೆ ಅದು ಸಾಹಸ ಹೇಗಾಗತ್ತಪ್ಪಾ?” ಎಂದು ನನ್ನನ್ನೇ ದಡ್ಡನನ್ನಾಗಿ ಮಾಡಿದ.

ಎಣಿಕೆ ಚೆನ್ನಾಗಿ ರೂಢಿಯಾಗಿದೆ. ಹತ್ತು ನಿಮಿಷಕ್ಕೊಮ್ಮೆ ಸೀಟಿ ಊದುತ್ತೇನೆ. ಎಲ್ಲರೂ ತಮ್ಮ ತಮ್ಮ ನಂಬರು ಕೂಗಬೇಕು. ನಾನು ಒಂದು, ಇವಳು ಎರಡು, ಗಿಣಿ ಮೂರು, ಹುಳ ನಾಲ್ಕು.

“ಮಕ್ಕಳನ್ನ ಗುಡ್ಡಕ್ಕೆ ಕರ್ಕೊಂಡು ಬಂದಿದೀರೋ, ಫ್ಯಾಕ್ಟರಿಗೋ?” ಎಂದಳು ಇವಳು.

ಫ್ಯಾಕ್ಟರಿಯಲ್ಲಿ ನಾನು ಸೇಫ್ಟಿ ಆಫೀಸರ್. ಅಲ್ಲಿ ಬೆನ್ನ ಹಿಂದೆ ‘ಎಣಿಕೆ ಸಾಹೇಬ’ ಎನ್ನುತ್ತಾರೆ. ಮನೆಯಲ್ಲಿ ಎದುರಿಗೇ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ.

ಏಪ್ರಿಲ್ 13, ಭಾನುವಾರ

ಇವಳಿಗೆ ಡ್ಯೂಟಿ. ಆಸ್ಪತ್ರೆಯಲ್ಲಿ ಇಬ್ಬರು ನರ್ಸ್ ರಜೆ, ಇವಳ ಭಾನುವಾರ ಹೋಯಿತು. ನಾವು ಮೂವರೇ ಬಾವಲಿ ಗುಹೆಗೆ. ವಾಸನೆ ತಡೆಯಲಾಗದೆ ಹುಳ ಮೂಗು ಮುಚ್ಚಿಕೊಂಡು ಎರಡೇ ನಿಮಿಷ ಇದ್ದ. ಆದರೂ ಪಟ್ಟಿಯಲ್ಲಿ ಟಿಕ್ ಹಾಕಿಸಿಕೊಂಡ.

ದಾರಿಯಲ್ಲಿ ಸೀಟಿ ಊದಿ ‘ಒಂದು’ ಎಂದೆ. ಹಿಂದಿನಿಂದ ಇವಳ ದನಿ: “ಎರಡು! ರೀ, ಟೋಪಿ ಹಾಕ್ಕೊಳ್ಳಿ!” ನಿಜಕ್ಕೂ ತಿರುಗಿ ನೋಡಿದೆ. ಗಿಣಿ! ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ಖುಷಿಯಲ್ಲಿ ಫ್ಯಾಕ್ಟರಿಯ ಕಥೆ ಹೇಳಿದೆ. ಹೋದ ವರ್ಷದ ಬೆಂಕಿ ಡ್ರಿಲ್. ಎಲ್ಲರೂ ಹೊರಗೆ ಬಂದು ಸಾಲಾಗಿ ನಿಂತು ‘ಹಾಜರ್’ ಎನ್ನಬೇಕು. ಪ್ಯಾಕಿಂಗಿನವನೊಬ್ಬ ಎರಡು ದನಿಯಲ್ಲಿ ಎರಡು ಸಲ ಹಾಜರ್ ಎಂದ, ಒಂದು ತನಗೆ, ಇನ್ನೊಂದು ಗೆಳೆಯನಿಗೆ. ಪಟ್ಟಿಯ ಪ್ರಕಾರ ಎಲ್ಲರೂ ಹೊರಗೆ. ಗೆಳೆಯ ಆಸಾಮಿ ಒಳಗೆ ಆರಾಮಾಗಿ ಬನ್ನು ತಿನ್ನುತ್ತಿದ್ದ.

“ನಿಜವಾಗ್ಲೂ ಬೆಂಕಿ ಬಿದ್ದಿದ್ರೆ?” ಎಂದು ಗಿಣಿ ಕೇಳಿದಳು.

“ಬನ್ನು ಸುಟ್ಟು ಹೋಗ್ತಿತ್ತು” ಎಂದೆ. ಹುಳನಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು.

ಮರುದಿನವೇ ನಾನು ಬರೆಸಿ ತೂಗುಹಾಕಿದ ಬೋರ್ಡಿನ ವಿಷಯ ಹೇಳಲಿಲ್ಲ. ‘ಕೂಗಿಗೆ ಟಿಕ್ ಹಾಕಬೇಡಿ. ಮುಖ ನೋಡಿ ಟಿಕ್ ಹಾಕಿ.’ ಹೇಳಿದ್ದರೆ ಕಥೆಯ ಮಜಾ ಹೋಗುತ್ತಿತ್ತು.

ಏಪ್ರಿಲ್ 28, ಸೋಮವಾರ, ಬೆಳಗ್ಗೆ 6.30

ತಾರಸಿಯ ಮೇಲೆ ಟೆಂಟು. ಐದನೇ ಸಾಹಸ. ಹುಳನಿಗೆ ಶೀತ, ಮೂಗು ಕಟ್ಟಿದೆ. ನಾಲ್ಕು ಎನ್ನಲು ಹೋದರೆ ‘ಡಾಲ್ಕು’ ಎನ್ನುತ್ತಾನೆ. ಗಿಣಿ ನಿನ್ನೆ ಇಡೀ ದಿನ ಡಾಲ್ಕು ಡಾಲ್ಕು ಎಂದು ಅಣಕಿಸಿ ಅವನನ್ನು ಅಳಿಸಿದಳು. ಇವಳು ಗಿಣಿಗೆ ಬೈದಳು. ಆಮೇಲೆ ಅಣಕಿಸಿದ್ದು ನೆನಪಾಗಿ ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದಳು. ನಾನು ನೋಡಿದೆ.

ಮೇ 3, ಶನಿವಾರ

ನಾಳೆ ಹಳ್ಳ. ಇವಳಿಗೆ ಮತ್ತೆ ಡ್ಯೂಟಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಎರಡು ಜೊತೆ ಕಾಲುಚೀಲ — ಎಲ್ಲಾ ಬ್ಯಾಗಿಗೆ ತುಂಬಿಟ್ಟಿದ್ದಾಳೆ.

“ಹುಳನ್ನ ನೀರಿಗೆ ಇಳಿಸ್ಬೇಡಿ. ಶೀತ ಇನ್ನೂ ಬಿಟ್ಟಿಲ್ಲ.”

“ಇಳಿಸಲ್ಲ ಕಣೇ. ಮೀನು ಮುಂದಿನ ವಾರ ಅಂತ ಹೇಳಿದೀನಿ.”

“ಎಣಿಸ್ತಾ ಇರಿ.”

“ಎಣಿಸೋದನ್ನ ನನಗೆ ಹೇಳ್ಕೊಡ್ತೀಯಾ?”

ಮೇ 17, ಶನಿವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಅದೇ ಇಪ್ಪತ್ತು ನಿಮಿಷ ತಲೆಯಲ್ಲಿ ಸುತ್ತುತ್ತದೆ.

ಹುಳ ಇಲ್ಲ. ಹದಿಮೂರು ದಿನವಾಯಿತು.

ಹಳ್ಳ ದಾಟಿದ್ದೆವು. ಎತ್ತಿಕೊಂಡೇ ದಾಟಿಸಿದೆ, ಅವನ ಶೂ ಸಹ ಒದ್ದೆಯಾಗಲಿಲ್ಲ. ಬಂಡೆಯ ಪಕ್ಕ ಒಂದು ಗುಂಡಿ, ತಿಳಿ ನೀರು, ಬೆರಳುದ್ದದ ಮೀನು. ಬಗ್ಗಿ ನೋಡಿದ. ಮುಂದಿನ ವಾರ ಕಣೋ ಎಂದೆ. ಹೂಂ ಎಂದ. ಅಲ್ಲಿಂದ ಕಾರಿನವರೆಗೆ ಕಾಲುದಾರಿ, ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ನಾನು ಮುಂದೆ, ಮುಳ್ಳು ಸರಿಸುತ್ತಾ.

ಸೀಟಿ ಊದಿದೆ. ಒಂದು. ಎರಡು — ಇವಳ ದನಿಯಲ್ಲಿ. ಮೂರು. ಡಾಲ್ಕು.

ನಕ್ಕೆ. ತಿರುಗಲಿಲ್ಲ.

ಹತ್ತು ನಿಮಿಷ ಬಿಟ್ಟು ಮತ್ತೆ ಸೀಟಿ. ಒಂದು, ಎರಡು, ಮೂರು, ಡಾಲ್ಕು. ತಿರುಗಲಿಲ್ಲ. ನಾಲ್ಕೂ ಸರಿಯಾಗಿತ್ತು.

ಕಾರಿನ ಬಾಗಿಲು ತೆಗೆದು ಹಿಂದೆ ನೋಡಿದರೆ ಗಿಣಿ ಒಬ್ಬಳೇ. ಅವಳು ಆಗಲೇ ದಾರಿ ನೋಡುತ್ತಾ ನಿಂತಿದ್ದಳು.

“ಒಂದೇ ನಿಮಿಷ ಅಂದ ಅಪ್ಪಾ… ನನ್ನ ನಂಬರ್ ನೀನೇ ಹೇಳು, ಓಡಿ ಬಂದ್ಬಿಡ್ತೀನಿ ಅಂದ…”

ಓಡಿದೆ. ಗುಂಡಿಯಲ್ಲಿ ನನ್ನ ಸೊಂಟದಷ್ಟೂ ನೀರಿರಲಿಲ್ಲ. ಶೂ ಬಿಚ್ಚಿ ಬಂಡೆಯ ಮೇಲೆ ಜೋಡಿಸಿಟ್ಟಿದ್ದ. ಕಾಲುಚೀಲ ಶೂ ಒಳಗೆ. ಒದ್ದೆಯಾದರೆ ಅಮ್ಮ ಬೈಯುತ್ತಾಳಲ್ಲ. ಜೇಬಿನ ತುಂಬ ಕಲ್ಲು.

ಇನ್ನು ಬರೆಯಲಾರೆ.

ಮೇ 18, ಭಾನುವಾರ

ನಿನ್ನೆಯದು ಪೂರ್ತಿ ಮಾಡುತ್ತೇನೆ. ಆರನೇ ತಾರೀಕು ಇನ್ಸ್‌ಪೆಕ್ಟರ್ ಮನೆಗೆ ಬಂದಿದ್ದರು. ಒಳ್ಳೆಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕೂತು ಮೆಲ್ಲಗೆ ಕೇಳಿದರು.

“ಬರೋವಾಗ ಮಕ್ಕಳನ್ನ ಎಣಿಸಿದ್ರಾ ಸಾರ್?”

ಇವಳು ಎದುರಿಗೆ. ಗಿಣಿ ನನ್ನ ಅಂಗಿಯ ತುದಿ ಹಿಡಿದುಕೊಂಡು ಪಕ್ಕದಲ್ಲಿ. ಎಣಿಸಿದೆ ಎಂದರೆ ಮುಂದಿನ ಪ್ರಶ್ನೆ ಯಾವುದು ಎಂದು ನನಗೆ ಗೊತ್ತಿತ್ತು. ನಾಲ್ಕು ಅಂದವರು ಯಾರು?

“ಇಲ್ಲ,” ಎಂದೆ. “ಅವತ್ತು ಎಣಿಸಲಿಲ್ಲ.”

ಬರೆದುಕೊಂಡರು. ಗಿಣಿ ಕತ್ತೆತ್ತಿ ನನ್ನ ಮುಖ ನೋಡಿದಳು. ಅಂಗಿ ಬಿಟ್ಟಳು. ಅವತ್ತಿನಿಂದ ಅವಳ ಬಾಯಲ್ಲಿ ಒಂದು ಮಾತಿಲ್ಲ. ಬೇಕು ಬೇಡಕ್ಕೆಲ್ಲ ತಲೆ ಅಲ್ಲಾಡಿಸುತ್ತಾಳೆ. ಕಾಲ ಬೇಕು ಎನ್ನುತ್ತಾರೆ ಡಾಕ್ಟರು.

ತಪ್ಪು ಅವಳದಲ್ಲ. ಕಥೆ ಹೇಳಿ ದಾರಿ ತೋರಿಸಿದವನು ನಾನು. ತಿರುಗಿ ನೋಡದವನು ನಾನು. ಆದರೆ ಎಂಟು ವರ್ಷದವಳಿಗೆ ಈ ಲೆಕ್ಕ ಹೇಗೆ ಅರ್ಥವಾಗಬೇಕು? ಇವಳಿಗೆ ಗೊತ್ತಾದರೆ ಒಂದೇ ಒಂದು ಸಲ ಗಿಣಿಯನ್ನು ಬೇರೆ ಕಣ್ಣಲ್ಲಿ ನೋಡಬಹುದು. ಅದೊಂದು ಸಲ ಸಾಕು, ಮಗು ಬದುಕಿಡೀ ಮರೆಯುವುದಿಲ್ಲ. ಹೇಳುವುದಿಲ್ಲ. ಸಾಯುವವರೆಗೂ ಹೇಳುವುದಿಲ್ಲ.

ಈ ಡೈರಿಯನ್ನು ಹಳೇ ಹೆಲ್ಮೆಟ್ಟಿನ ಡಬ್ಬದಲ್ಲಿ ಇಡುತ್ತಿದ್ದೇನೆ.

ಮೇ 21, ಬುಧವಾರ

ಇವಳು ಇವತ್ತು ಮಾತಾಡಿದಳು. ಪಾತ್ರೆ ಒರೆಸುತ್ತಾ, ನನ್ನ ಕಡೆ ತಿರುಗದೆ.

“ಫ್ಯಾಕ್ಟರೀಲಿ ಇನ್ನೂರು ಜನಾನ ಎಣಿಸ್ತೀರಿ. ನನಗೆ ಎರಡೇ ಇದ್ದಿದ್ದು. ಎರಡನ್ನ ಎಣಿಸೋಕೆ ಏನಾಗಿತ್ತು ನಿಮಗೆ?”

ಬಾಯಿಗೆ ಬಂದಿತ್ತು. ಎಣಿಸಿದೆ ಕಣೇ, ಎರಡೆರಡು ಸಲ ಎಣಿಸಿದೆ… ನುಂಗಿಕೊಂಡೆ.

“ಏನಾದ್ರೂ ಹೇಳ್ರೀ.”

“ಏನೂ ಇಲ್ಲ.”

ಭಾನುವಾರ ತನ್ನ ಅಕ್ಕನ ಮನೆಗೆ ಹೊರಡುತ್ತಾಳಂತೆ. ಗಿಣಿಯನ್ನೂ ಕರೆದುಕೊಂಡು. ಎಷ್ಟು ದಿನಕ್ಕೆ ಎಂದೆ. “ಇವಳನ್ನಾದ್ರೂ ಉಳಿಸ್ಕೋಬೇಕಲ್ಲ” ಎಂದಳು. ಗಿಣಿ ಬಾಗಿಲ ಬಳಿ ನಿಂತಿದ್ದಳು, ಎಲ್ಲಾ ಕೇಳಿಸಿಕೊಂಡಳು.

ಮೇ 23, ಶುಕ್ರವಾರ

ಫ್ಯಾಕ್ಟರಿಯಲ್ಲಿ ಡ್ರಿಲ್. ನಾನೇ ಮಾಡುತ್ತೇನೆ ಎಂದೆ. ಒಬ್ಬೊಬ್ಬರ ಮುಂದೆ ನಿಂತು ಮುಖ ನೋಡಿ ಟಿಕ್ ಹಾಕಿದೆ. ಇನ್ನೂರ ಹನ್ನೆರಡು ಮುಖ. ಆರು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ, ಉರಿ ಬಿಸಿಲಲ್ಲಿ. ಯಾರೂ ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು. ಎರಡು ದನಿಯ ಪ್ಯಾಕಿಂಗಿನವನು ನನ್ನನ್ನು ನೋಡಲಾರದೆ ಕಣ್ಣು ಕೆಳಗೆ ಹಾಕಿದ. “ತಲೆ ಎತ್ತಪ್ಪಾ” ಎಂದೆ. ಎತ್ತಿದ. ಅಳುತ್ತಿದ್ದ.

ಪಟ್ಟಿ ಮುಗಿದ ಮೇಲೂ ಇನ್ನೊಂದು ಮುಖ ಹುಡುಕುತ್ತಾ ನಿಂತಿದ್ದೆನಂತೆ. ಮ್ಯಾನೇಜರ್ ಬಂದು ಪೆನ್ನು ತೆಗೆದುಕೊಂಡರು.

ಮೇ 25, ಭಾನುವಾರ, ಬೆಳಗ್ಗೆ 10.15

ಸೂಟ್‌ಕೇಸು ಹಾಲಿನಲ್ಲಿದೆ. ಹನ್ನೆರಡಕ್ಕೆ ಬಸ್ಸು. ಫ್ರಿಜ್ ಮೇಲಿನ ಪಟ್ಟಿ ಹಾಗೇ ಇದೆ, ಐದು ಟಿಕ್. ತೆಗೆಯಲು ನನಗೂ ಕೈ ಬಂದಿಲ್ಲ, ಇವಳಿಗೂ. ಇವಳು ಅಡುಗೆಮನೆಯಲ್ಲಿ ನೀರಿನ ಬಾಟಲಿ ತುಂಬುತ್ತಿದ್ದಾಳೆ. ಗಿಣಿ ಕೋಣೆಯಲ್ಲಿ, ಬಟ್ಟೆ ಹಾಕಿಕೊಳ್ಳಲು ಹೋದವಳು ಇನ್ನೂ ಬಂದಿಲ್ಲ. ಹುಳನ ಕಲ್ಲಿನ ಡಬ್ಬ ಅಲ್ಲೇ ಇದೆ. ತೆಗೆದಿಟ್ಟಿರಬೇಕಿತ್ತು.

10.50

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಕೋಣೆಯಿಂದ ದನಿ. ಹತ್ತೊಂಬತ್ತು ದಿನದ ಮೇಲೆ ಗಿಣಿಯ ದನಿ. ಕಲ್ಲುಗಳನ್ನು ನೆಲದ ಮೇಲೆ ಸಾಲಾಗಿ ಇಡುತ್ತಿದ್ದಳು. ಒಂದು — ಅದು ನನ್ನ ದನಿ. ಎರಡು — ಇವಳದು. ಮೂರು — ತನ್ನದೇ.

“ಡಾಲ್ಕು.”

ಅಡುಗೆಮನೆಯಲ್ಲಿ ಬಾಟಲಿ ಬಿತ್ತು. ನಾನು ಏಳುವಷ್ಟರಲ್ಲಿ ಇವಳು ಕೋಣೆಯ ಬಾಗಿಲಲ್ಲಿದ್ದಳು. ಎಲ್ಲಾ ಮುಗಿಯಿತು ಎಂದುಕೊಂಡೆ. ಕೇಳುತ್ತಾಳೆ, ಗಿಣಿ ಹೇಳುತ್ತಾಳೆ.

ಇವಳು ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಮೆಲ್ಲಗೆ ಗಿಣಿಯ ಮುಂದೆ ನೆಲದ ಮೇಲೆ ಕೂತಳು.

“ಇನ್ನೊಂದ್ಸಲ ಹೇಳು ಚಿನ್ನ.”

ಗಿಣಿ ನನ್ನ ಮುಖ ನೋಡಿದಳು. ಬೇಡ ಎಂದು ತಲೆ ಅಲ್ಲಾಡಿಸಬೇಕಿತ್ತು. ನನಗೂ ಬೇಕಿತ್ತು ಆ ದನಿ.

“ಡಾಲ್ಕು.”

“ಇನ್ನೊಂದ್ಸಲ.”

ಎಷ್ಟು ಸಲ ಹೇಳಿದಳೋ. ಎಣಿಸಲಿಲ್ಲ. ಇವಳು ಕಣ್ಣು ಮುಚ್ಚಿಕೊಂಡು ಕೇಳುತ್ತಲೇ ಇದ್ದಳು. ಮುಖದಲ್ಲಿ ನಗುವಿನಂಥದ್ದು ಬಂತು, ಅವತ್ತು ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಾಗ ಇದ್ದಂಥದ್ದು. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದು, ಬಾಗಿಲು ಮುಂದೆ ಮಾಡಿ, ಇಲ್ಲಿ ಕೂತಿದ್ದೇನೆ.

ಈಗ ಒಳಗೆ ಸದ್ದಿಲ್ಲ.

ಇಲ್ಲ, ಮತ್ತೆ ಗಿಣಿ. ಈ ಸಲ ಅವಳದೇ ದನಿ.

“ಅಮ್ಮಾ… ಅವತ್ತೂ ನಾನೇ—”