ನಿಮ್ಮ ಒಪ್ಪಿಗೆ ಪತ್ರದ ನಾಲ್ಕನೇ ಸಾಲು

ಮಾನ್ಯ ದೈಹಿಕ ಶಿಕ್ಷಣ ನಿರ್ದೇಶಕರೇ,

ನಿಮ್ಮ ಒಪ್ಪಿಗೆ ಪತ್ರದ ನಾಲ್ಕನೇ ಸಾಲನ್ನು ಓದಿ ನನ್ನ ಅಮ್ಮ ವ್ಯಾಯಾಮ ನಿಲ್ಲಿಸಿದಳು. ಏಳು ವಾರಗಳ ನಂತರ ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ನನ್ನ ದೂರು ಇಷ್ಟೇ. ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ನಿಮಗೆ ಕೊಟ್ಟ ಎರಡು ಅರ್ಜಿಗಳು ಫೈಲಿನೊಳಗೆ ಸುಖವಾಗಿರುವುದರಿಂದ, ಇದನ್ನು ವಿದ್ಯಾರ್ಥಿ ಪತ್ರಿಕೆಗೆ ಕೊಡುತ್ತಿದ್ದೇನೆ. ಭಾಷೆ ಹೆಚ್ಚುಕಡಿಮೆಯಾದರೆ ಸಾರಿ.

ನಮ್ಮ ಕಾಲೇಜಿನ ಜಿಮ್ಮಿಗೆ ಹುಡುಗರು ರಿಜಿಸ್ಟರಿನಲ್ಲಿ ಹೆಸರು ಬರೆದು ಹೋಗುತ್ತಾರೆ. ಹುಡುಗಿಯರು ಒಂದು ಕಿಲೋದ ಗುಲಾಬಿ ಡಂಬೆಲ್ ದಾಟಿ ಬೇರೆ ಏನನ್ನಾದರೂ ಮುಟ್ಟಬೇಕಾದರೆ ನಿಮ್ಮ ಪತ್ರ ಮನೆಗೆ ಹೋಗಿ, ಸಹಿಯಾಗಿ ಬರಬೇಕು. ಅದರ ನಾಲ್ಕನೇ ಸಾಲು ಹೀಗಿದೆ: ‘ಭಾರ ಎತ್ತುವುದರಿಂದ ಸ್ತ್ರೀಯರಲ್ಲಿ ಗರ್ಭಕೋಶ ಜಾರುವ, ಶರೀರವು ಪುರುಷರಂತೆ ಉಬ್ಬುವ ಹಾಗೂ ಮೂಳೆಗಳು ಸವೆಯುವ ಸಂಭವವಿರುತ್ತದೆ.’ ಒಂದೇ ವಾಕ್ಯದಲ್ಲಿ ಮೂರು ತಪ್ಪು. ಪರೀಕ್ಷೆಯಲ್ಲಿ ನಾವು ಹೀಗೆ ಬರೆದಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?

ನಾನು ಐದನೇ ತರಗತಿಯಿಂದ ಹಾಸ್ಟೆಲಿನವಳು. ಪೋಷಕರ ಸಹಿ ಬೇಕೆಂದರೆ ನಾವು ನಾವೇ ಹಾಕಿಕೊಳ್ಳುತ್ತಿದ್ದೆವು. ನನ್ನ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕುವ ಗೆಳತಿಯೊಬ್ಬಳಿದ್ದಳು. ಕಾಲೇಜು ಅಂದರೆ ಸೀರಿಯಸ್, ಇನ್ನು ಮೇಲೆ ಹಾಗೆಲ್ಲ ಮಾಡಬಾರದು ಎಂದುಕೊಂಡು, ಜೀವನದಲ್ಲಿ ಮೊದಲ ಸಲ ಪ್ರಾಮಾಣಿಕವಾಗಿ ಜಿಮ್ಮಿನ ಅರ್ಜಿಯಲ್ಲಿ ಮನೆಯ ವಿಳಾಸ ತುಂಬಿದೆ. ಆ ಲಕೋಟೆ ಅಮ್ಮನ ಕೈ ಸೇರಿದ್ದು ಹಾಗೆ.

ಅಮ್ಮ ಇಪ್ಪತ್ತೆರಡು ವರ್ಷ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ದುಡಿದವಳು. ಮೆಷಿನ್ನಿನಿಂದ ಹೊರತೆಗೆದ ಒದ್ದೆ ಚಾದರಗಳ ರಾಶಿ ಎಷ್ಟು ತೂಗುತ್ತದೆ ಎಂದು ನಿಮಗೆ ಗೊತ್ತೇ? ನಾನು ಹೊಟ್ಟೆಯಲ್ಲಿದ್ದಾಗಲೂ ಎತ್ತಿದ್ದಾಳೆ. ಆಗ ಅವಳ ಗರ್ಭಕೋಶದ ಚಿಂತೆ ಯಾರಿಗೂ ಬರಲಿಲ್ಲ. ಸಂಬಳಕ್ಕೆ ಎತ್ತಿದರೆ ಜಾರದ್ದು, ಆರೋಗ್ಯಕ್ಕೆ ಎತ್ತಿದರೆ ಮಾತ್ರ ಜಾರುತ್ತದೆಯೇ?

ಹೋದ ವರ್ಷ ಸಣ್ಣದಾಗಿ ಎಡವಿದ್ದಕ್ಕೇ ಅವಳ ಮುಂಗೈ ಮುರಿಯಿತು. ಮುಟ್ಟು ನಿಂತ ಮೇಲೆ ಮೂಳೆ ತೆಳುವಾಗಿದೆ, ಸ್ಟ್ರೆಂತ್ ಟ್ರೈನಿಂಗ್ ಮಾಡಲೇಬೇಕು ಎಂದರು ಫಿಸಿಯೋ ಮೇಡಂ. ಕೆಲಸ ಬಿಟ್ಟು ಮನೆಯಲ್ಲಿದ್ದ ಅಮ್ಮ ನೀರು ತುಂಬಿದ ಬಾಟಲಿಯಿಂದ ಶುರುಮಾಡಿ, ಐದು ಕಿಲೋದ ಚೀಲ ಹಿಡಿದು ಕುರ್ಚಿಯಿಂದ ಏಳುವ ಮಟ್ಟಕ್ಕೆ ಬಂದಿದ್ದಳು. ಫೋನಿನಲ್ಲಿ ನಗುತ್ತಿದ್ದಳು: “ನಿಮ್ಮಪ್ಪಂಗೆ ಹೇಳಿದೀನಿ ಕಣೇ, ಇನ್ಮೇಲೆ ನನ್ ಹತ್ರ ಮಾತಾಡೋವಾಗ ಸ್ವಲ್ಪ ದೂರ ನಿಂತ್ಕೊಳ್ಳಿ ಅಂತ.” ಅವಳಿಂದಲೇ ನನಗೂ ಆಸೆ ಹುಟ್ಟಿ ನಿಮ್ಮ ಅರ್ಜಿ ತುಂಬಿದ್ದು.

ಪತ್ರ ತಲುಪಿದ ದಿನ ಫೋನಿನಲ್ಲಿ ನಗು ಇರಲಿಲ್ಲ.

“ಮೂಳೆ ಸವೆಯುತ್ತೆ ಅಂತ ಬರ್ದಿದಾರೆ. ನಂದು ಮೊದಲೇ ಸವೆದಿದೆ. ನಾನೂ ಬಿಟ್ಟೆ, ನೀನೂ ಬೇಡ.”

“ಅಮ್ಮಾ, ಮಾಡಿ ಅಂದಿದ್ದೇ ಫಿಸಿಯೋ ಮೇಡಂ ಅಲ್ವಾ?”

“ಅವ್ರು ಬಾಯಲ್ಲಿ ಹೇಳಿದ್ದು. ಇದು ಬರ್ದಿರೋದು, ಸೀಲ್ ಬೇರೆ ಇದೆ. ಅಷ್ಟು ದೊಡ್ಡ ಕಾಲೇಜಿನೋರು ಸುಮ್‌ಸುಮ್ನೆ ಬರೀತಾರಾ?”

ನಾನು ಇನ್ನೂ ಜಗಳವಾಡಬೇಕಿತ್ತು. ಇಂಟರ್ನಲ್ ಪರೀಕ್ಷೆ ಇದೆ, ಆಮೇಲೆ ಹೇಳೋಣ ಎಂದುಕೊಂಡೆ. ಆ ‘ಆಮೇಲೆ’ ಬರುವ ಮೊದಲೇ ಅವಳು ಬಿದ್ದಳು.

ವ್ಯಾಯಾಮ ಮುಂದುವರಿಸಿದ್ದರೆ ಬೀಳುತ್ತಿರಲಿಲ್ಲವೇ ಎಂದು ಫಿಸಿಯೋ ಮೇಡಂ ಅವರನ್ನು ಕೇಳಿದೆ. “ಹಾಗೆ ಖಚಿತವಾಗಿ ಹೇಳಕ್ಕಾಗಲ್ಲ ಪುಟ್ಟಾ” ಎಂದರು. ನಿಮ್ಮ ಸಮಾಧಾನಕ್ಕೆ ಇದನ್ನೂ ಬರೆಯುತ್ತಿದ್ದೇನೆ. ಆದರೆ ಅವರು ಮುಂದುವರಿಸಿದರು: ಕ್ರಮವಾಗಿ ಹೆಚ್ಚಿಸುತ್ತ ಹೋದ ಭಾರ ಮೂಳೆಗೆ ಬಲ ಕೊಡುತ್ತದೆ. ಸರಿಯಾಗಿ ಕಲಿತು ಎತ್ತಿದರೆ ಆರೋಗ್ಯವಂತ ಹೆಣ್ಣಿನ ಗರ್ಭಕೋಶ ಜಾರುವುದಿಲ್ಲ. ಮೊದಲೇ ತೊಂದರೆ ಇದ್ದವರು ವೈದ್ಯರನ್ನು ಕೇಳಿ ಶುರುಮಾಡಬೇಕು, ಅಷ್ಟೆ. ಇನ್ನು ಗಂಡಸರಂತೆ ಉಬ್ಬುವುದು? ವರ್ಷಗಟ್ಟಲೆ ಬೆವರು ಸುರಿಸಿಯೂ ತೋಳು ಉಬ್ಬದ ನಿಮ್ಮ ಜಿಮ್ಮಿನ ಹುಡುಗರನ್ನೇ ಕೇಳಿ ನೋಡಿ, ಅದು ಅಷ್ಟು ಸುಲಭವೇ ಎಂದು.

ನಿಮ್ಮ ಕೊಠಡಿಗೂ ಬಂದಿದ್ದೆ. ನೀವು ಟ್ರೋಫಿಗಳ ಧೂಳು ಒರೆಸುತ್ತಿದ್ದಿರಿ. ಸಿಟ್ಟಾಗಲಿಲ್ಲ, ಆಕ್ಚುಲಿ ಮೃದುವಾಗಿಯೇ ಮಾತಾಡಿದಿರಿ.

“ನೋಡಮ್ಮಾ, ಅದು ಯಾವ್ದೋ ಕಾಲದ ಫಾರಂ. ಯಾರೂ ಓದಲ್ಲ ಅದನ್ನ. ಸೈನ್ ಹಾಕಿ ಕಳಿಸ್ತಾರೆ, ಅಷ್ಟೇ.”

“ನಮ್ಮಮ್ಮ ಓದಿದ್ರು ಸರ್” ಎಂದೆ. ನಿಮಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಓದಿದಳು ಸರ್. ಮಗಳ ಕಾಲೇಜಿನಿಂದ ಬಂದ ಮೊದಲ ಕಾಗದವೆಂದು ಕೈ ತೊಳೆದುಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದಳಂತೆ. ಯಾರೂ ಓದುವುದಿಲ್ಲ ಎಂಬ ಭರವಸೆಯಲ್ಲಿ ನೀವು ಕಳಿಸಿದ್ದನ್ನು ಅವಳು ಪೂರ್ತಿ ನಂಬಿದಳು.

ಈಗ ಆಪರೇಷನ್ ಆಗಿ ವಾಕರ್ ಹಿಡಿದಿದ್ದಾಳೆ. ಹಗುರ ಭಾರದಿಂದ ಮತ್ತೆ ಶುರುಮಾಡದಿದ್ದರೆ ವಾಕರ್ ಬಿಡಿಸುವುದು ಕಷ್ಟ ಎನ್ನುತ್ತಾರೆ ವೈದ್ಯರು. ಫಿಸಿಯೋ ಮೇಡಂ ಚೀಲ ಮುಂದಿಟ್ಟರೆ ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಅವಳ ತೊಡೆ ನನ್ನ ತೋಳಿನಷ್ಟಾಗಿದೆ. ಅಪ್ಪ ಹೇಳಿ ಸೋತರು, ನಾನು ಅತ್ತು ಸೋತೆ.

ಆದ್ದರಿಂದ ನಾಲ್ಕನೇ ಸಾಲನ್ನು ಈ ವಾರವೇ ಕಿತ್ತುಹಾಕಿ. ಆ ಪತ್ರ ಹೋದ ಪ್ರತಿಯೊಂದು ಮನೆಗೂ ತಪ್ಪೊಪ್ಪಿಗೆ ಕಳಿಸಿ. ಮೊದಲನೆಯದನ್ನು ನನ್ನ ಅಮ್ಮನಿಗೆ ಬರೆಯಿರಿ: ‘ನಾವು ಬರೆದದ್ದು ತಪ್ಪು, ನೀವು ಎತ್ತಬಹುದು.’ ಅಕ್ಷರ ದೊಡ್ಡದಾಗಿರಲಿ. ಸೀಲ್ ಮರೆಯಬೇಡಿ; ಅದಿಲ್ಲದಿದ್ದರೆ ಅವಳು ನಂಬುವುದಿಲ್ಲ.

ಇಂತಿ,
ನಿಮ್ಮ ಉತ್ತರ ಬಂದರೂ ಹೆದರುವ, ಬಾರದಿದ್ದರೆ ಇನ್ನೂ ಹೆದರುವ
ಮೊದಲ ವರ್ಷದ ವಿದ್ಯಾರ್ಥಿನಿ