ತೆರಿಗೆ ಕಟ್ಟಿದವನು ನಾನು, ನೋಟಿಸು ಬಾಡಿಗೆದಾರರಿಗೆ

ವಿದೇಶವಾಸಿಗಳ ತೆರಿಗೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ತಾವು ಕಲಾವತಿಯವರಿಗೆ ಕಳಿಸಿದ ನೋಟಿಸು ನನಗೆ ಬರಬೇಕಾಗಿತ್ತು. ನಿಜ ಹೇಳಬೇಕೆಂದರೆ ನನಗೂ ಬರಬೇಕಾಗಿರಲಿಲ್ಲ, ಏಕೆಂದರೆ ತೆರಿಗೆ ಕಟ್ಟಿಯಾಗಿದೆ. ಕಲಾವತಿ ಮೈಸೂರಿನ ನನ್ನ ಮನೆಯಲ್ಲಿ ಬಾಡಿಗೆಗಿರುವವರು, ಶಾಲೆಯೊಂದರ ಡ್ರಾಯಿಂಗ್ ಮೇಡಂ. ನಾನಿರುವುದು ಸ್ಯಾನ್ ಡಿಯೇಗೋ ಪಕ್ಕದ ಪೊವೇಯಲ್ಲಿ. ಮಾಲೀಕ ಹೊರದೇಶದಲ್ಲಿದ್ದರೆ ಬಾಡಿಗೆದಾರರೇ ಬಾಡಿಗೆಯಿಂದ ತೆರಿಗೆ ಮುರಿದುಕೊಂಡು ಸರ್ಕಾರಕ್ಕೆ ಕಟ್ಟಬೇಕೆಂಬುದು ನಿಯಮ. ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅವರು ಬಾಡಿಗೆ ಪೂರ್ತಿ ಕೊಟ್ಟರು, ನಾನು ಪ್ರತಿ ವರ್ಷ ತೆರಿಗೆ ಪೂರ್ತಿ ಕಟ್ಟಿದೆ. ಸರ್ಕಾರಕ್ಕೆ ಸೇರಬೇಕಾದದ್ದು ಸೇರಿತು. ಒಳಗೆ ಬಂದ ಬಾಗಿಲು ಸರಿಯಿಲ್ಲ ಎಂಬುದಷ್ಟೇ ತಮ್ಮ ತಕರಾರು.

ನೋಟಿಸು ಬಂದ ದಿನ ಕಲಾವತಿ ಫೋನ್ ಮಾಡಿದರು.

"ಸಾರ್, ನಂದೇ ತಪ್ಪು ಅಂತ ಬರೆದಿದಾರೆ. ನಾನೇನು ಬಾಡಿಗೆ ಬಾಕಿ ಇಟ್ಟಿದ್ನಾ?"

"ಇಲ್ಲಮ್ಮ. ಪೂರ್ತಿ ಕೊಟ್ಟಿದ್ದೇ ತಪ್ಪಂತೆ."

"ಇನ್ಮೇಲೆ ಕಂಪನಿಯವ್ರ ಥರ ನಾನೂ ಒಂದು ನಂಬರ್ ತಗೋಬೇಕಂತೆ, ಮೂರು ತಿಂಗಳಿಗೊಂದ್ಸಲ ಲೆಕ್ಕ ಒಪ್ಪಿಸ್ಬೇಕಂತೆ. ನಾನು ನಿಮ್ಮನೇಲಿ ಬಾಡಿಗೆಗಿದೀನೋ, ಅವರ ಆಫೀಸಲ್ಲಿ ಕೆಲಸಕ್ಕಿದೀನೋ?"

ಆ ಪ್ರಶ್ನೆಯನ್ನು ತಮಗೇ ದಾಟಿಸುತ್ತಿದ್ದೇನೆ. ಉತ್ತರ ತಮಗೆ ಹೊಳೆದೀತೇ?

ಇಲ್ಲಿ ನಮ್ಮವರಲ್ಲಿ ಒಂದು ರೂಢಿಯಿದೆ. ಬಾಡಿಗೆ ಕರಾರಿನಲ್ಲಿ ಅಮೆರಿಕದ ವಿಳಾಸ ಬರೆಸುವುದಿಲ್ಲ. ಹಬ್ಬದ ಊಟವೊಂದರಲ್ಲಿ ಲಾಂಗ್ ಬೀಚ್‌ನ ನಿವೃತ್ತ ಡಾಕ್ಟರ್ ಸತ್ಯಮೂರ್ತಿ ನನ್ನ ಕಥೆ ಕೇಳಿ ತಟ್ಟೆ ಕೆಳಗಿಟ್ಟರು. "ಪೊವೇ ಅಂತ ಬರೆಸಿದ್ರಾ? ಭಾಮೈದನ ಅಡ್ರೆಸ್ ಕೊಡೋದಲ್ವೇನ್ರೀ. ಕಾಗದದ ಮೇಲೆ ನಾನಿನ್ನೂ ಜಯನಗರ ಬಿಟ್ಟೇ ಇಲ್ಲ. ನಿಮ್ಮ ಒಳ್ಳೇತನದ ಬಿಲ್ಲು ನೋಡಿ, ಪಾಪ ಆಯಮ್ಮನಿಗೆ ಹೋಯ್ತು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗು ಯಾರ ಮೇಲಿನದೆಂದು ಈಗಲೂ ಸ್ಪಷ್ಟವಿಲ್ಲ. ಇರುವ ಊರನ್ನು ಮುಚ್ಚಿಟ್ಟವನನ್ನು ನೆಮ್ಮದಿಯಾಗಿ ಬಿಟ್ಟು, ಹೇಳಿದವನನ್ನೂ ಬಿಟ್ಟು, ಅವನ ಮನೆಯಲ್ಲಿರುವ ಹೆಂಗಸನ್ನು ಹಿಡಿಯುವ ಕಾನೂನು ಯಾರಿಗೆ ಏನನ್ನು ಕಲಿಸುತ್ತಿದೆ?

ತೆರಿಗೆ ಕಟ್ಟಿದ್ದು ತಮ್ಮ ಕಡತದಲ್ಲೇ ಇದೆಯಲ್ಲ ಎಂದು ತಮಗೆ ಬರೆದೆ. ಇದೆ ಎಂದೇ ಉತ್ತರ ಬಂತು. ಆದರೂ, ಇದೆಯೆಂದು ಲೆಕ್ಕಪರಿಶೋಧಕರೊಬ್ಬರಿಂದ ಬರೆಸಿ ಕಲಾವತಿಯವರೇ ತಂದೊಪ್ಪಿಸಬೇಕು, ತಂದ ಮೇಲೂ ವಿಳಂಬದ ಬಡ್ಡಿ ಅವರದೇ. ತಮ್ಮ ಬೀರುವಿನಲ್ಲಿರುವುದನ್ನು ತಮಗೇ ತೋರಿಸಲು ಡ್ರಾಯಿಂಗ್ ಮೇಡಂ ರಜೆ ಹಾಕಬೇಕು. ಇಂಥ ವ್ಯವಸ್ಥೆಯನ್ನು ಕಲ್ಪಿಸಿಕೊಳ್ಳಲು ಒಂದು ಬಗೆಯ ಪ್ರತಿಭೆ ಬೇಕು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಬಡ್ಡಿ, ಓಡಾಟದ ಖರ್ಚು ಎಲ್ಲ ನನ್ನದು ಎಂದು ಕಲಾವತಿಯವರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

"ದುಡ್ಡಿನ ಮಾತಲ್ಲ ಸಾರ್. ಇನ್ನೊಂದು ನೋಟಿಸು ಬಂದ್ರೆ ತಡ್ಕೊಳ್ಳೋ ಶಕ್ತಿ ನನಗಿಲ್ಲ. ಬೇರೆ ಮನೆ ನೋಡಿದೀನಿ. ಓನರ್ ಪಕ್ಕದ ಬೀದೀಲೇ ಇದಾರೆ. ಕರಾರು ಬೇಡ, ಬಾಡಿಗೆ ಕೈಗೇ ಕೊಡಿ ಅಂದ್ರು. ಯಾವ ಕಾಗದಾನೂ ಇಲ್ಲ."

ಅವರ ದನಿಯಲ್ಲಿ ಬಹಳ ದಿನಗಳ ಮೇಲೆ ನಿರಾಳ ಕೇಳಿಸಿತು. ಆ ಬಾಡಿಗೆಯ ತೆರಿಗೆ ತಮಗೆ ಯಾವ ಬಾಗಿಲಿನಿಂದ ಬರುವುದೋ ನಾನು ಕೇಳಲು ಹೋಗಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಕಲಾವತಿಯವರ ಮೇಲಿನ ನೋಟಿಸನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ, ಅವರು ಮನೆ ಬಿಡುವ ಮೊದಲೇ. ವಿದೇಶದಲ್ಲಿರುವ ಮಾಲೀಕ ತನ್ನ ತೆರಿಗೆಯನ್ನು ತಾನೇ ಕಟ್ಟಲು ಬಿಡಿ, ತಪ್ಪಿದರೆ ಅವನನ್ನೇ ಹಿಡಿಯಿರಿ. ತಡಮಾಡಿದರೂ ತಮಗೊಂದು ಅನುಕೂಲವಿದೆ: ಅವರು ಹೋದ ಮೇಲೆ ಮನೆಗೆ ಬೀಗ ಹಾಕುತ್ತೇನೆ, ಬರುವ ವರ್ಷ ಈ ಮನೆಯಿಂದ ಬಾಡಿಗೆಯೂ ಇರುವುದಿಲ್ಲ, ತೆರಿಗೆಯೂ ಇರುವುದಿಲ್ಲ, ತಪ್ಪು ಮಾಡಲು ಯಾರೂ ಇರುವುದಿಲ್ಲ.

ಇಂತಿ,
ಖಾಲಿಯಾಗಲಿರುವ ಮನೆಯ, ಬಾಕಿಯಿಲ್ಲದ ಮಾಲೀಕ
ಪೊವೇ, ಕ್ಯಾಲಿಫೋರ್ನಿಯಾ